ಸೂಪರ್‌ವೈಸರ್ ಮಾಡುವ ಮುನ್ನ ಕಲಿಸಿ

ಮಾನ್ಯರೇ,

ಪೀಣ್ಯದ ಗಾರ್ಮೆಂಟ್ಸ್ ಒಂದರಲ್ಲಿ ಒಂಬತ್ತು ವರ್ಷ ಶರ್ಟಿಗೆ ಕಾಲರ್ ಕೂರಿಸುತ್ತಿದ್ದ ನನ್ನನ್ನು ಯುಗಾದಿ ಕಳೆದ ಮೇಲೆ ಲೈನ್ ಸೂಪರ್‌ವೈಸರ್ ಮಾಡಿದರು. ಶನಿವಾರ ಮೆಷಿನ್ ಮುಂದೆ ಕೂತಿದ್ದವಳು ಸೋಮವಾರ ಗಂಟೆಗೊಮ್ಮೆ ಬೋರ್ಡಿನಲ್ಲಿ ಪೀಸ್ ಲೆಕ್ಕ ಬರೆಯುತ್ತಾ ನಿಂತೆ. ಹೇಗೆಂದು ಯಾರೂ ಕಲಿಸಲಿಲ್ಲ. ಗೆಳತಿಯ ಮುಂದೆ ಕಫ್ ಪೀಸು ರಾಶಿ ಬಿದ್ದಾಗ, ಹಿಂದಿನವರು ನಮ್ಮ ಮೇಲೆ ಕೂಗುತ್ತಿದ್ದ ಹಾಗೆಯೇ ಕೂಗಿಬಿಟ್ಟೆ. ಮಧ್ಯಾಹ್ನ ಅವಳು ಊಟದ ಡಬ್ಬಿ ಹಿಡಿದು ಬೇರೆ ಬೆಂಚಿಗೆ ಹೋದಳು. ನನಗೆ ಅನ್ನ ಇಳಿಯಲಿಲ್ಲ.

ಮರುದಿನ ಪಕ್ಕದಲ್ಲೇ ನಿಂತು ನೋಡಿದೆ. ಅವಳ ಮೆಷಿನ್ನಿನಲ್ಲಿ ದಾರ ಪದೇ ಪದೇ ಕಡಿಯುತ್ತಿತ್ತು! ಮೆಕ್ಯಾನಿಕ್ ಬಂದು ಹತ್ತೇ ನಿಮಿಷದಲ್ಲಿ ಸರಿಮಾಡಿದರು.

ಹೊಲಿಗೆ ಬಂದವರಿಗೆಲ್ಲ ಜನರನ್ನು ನಡೆಸುವುದು ತಾನಾಗಿ ಬರುವುದಿಲ್ಲ. ಬಡ್ತಿಗೆ ಮೊದಲು ಎರಡು ವಾರವಾದರೂ ತರಬೇತಿ ಕೊಡುವಂತೆ ಕಾರ್ಮಿಕ ಇಲಾಖೆ ಕಾರ್ಖಾನೆಗಳಿಗೆ ಹೇಳಲಿ.

– ಒಬ್ಬ ಸೂಪರ್‌ವೈಸರ್, ಬೆಂಗಳೂರು