ಸಣ್ಣ ಮೀನಿಗೆ ಜಿಗ್: ಬಣ್ಣಕ್ಕಿಂತ ಮೊದಲು ತೂಕ ನೋಡಿ

ಮಾನ್ಯ ಸಂಪಾದಕರೇ,

ಧಾರವಾಡ, ಹಾವೇರಿ ಕಡೆಯ ಕೆರೆ ದಂಡೆಗಳಲ್ಲಿ ಎರೆಹುಳದ ಡಬ್ಬಿಯ ಜೊತೆಗೆ ಈಗ ಜಿಗ್ ಎಂಬ ಗುಂಡುತಲೆಯ ಗಾಳ, ಅದಕ್ಕೆ ಏರಿಸುವ ರಬ್ಬರ್ ಹುಳಗಳೂ ಕಾಣುತ್ತಿವೆ. ಆದರೆ ಹುಡುಗರ ಕೈಯಲ್ಲಿರುವುದು ಬಹುಪಾಲು 5ರಿಂದ 10 ಗ್ರಾಂ ತೂಕದ, ದೊಡ್ಡ ಕೊರವ ಮೀನಿಗೆ ಒಪ್ಪುವ ಸರಕು. ಅದನ್ನೇ ಅಂಗೈಯಗಲದ ಜಿಲೇಬಿ (ತಿಲಾಪಿಯಾ) ಮೀನಿಗೂ ಸಣ್ಣ ಗೆಂಡೆಗೂ ಎಸೆದು, ಮೀನು ಮುಟ್ಟಲಿಲ್ಲವೆಂದು ಬಣ್ಣ ಬದಲಿಸುತ್ತ ಕೂರುತ್ತಾರೆ. ಮೊದಲು ಬದಲಿಸಬೇಕಾದದ್ದು ತೂಕ.

ಗಾಳದ ಕುತ್ತಿಗೆಗೆ ಸೀಸದ ಗುಂಡು ಎರಕ ಹೊಯ್ದರೆ ಅದೇ ಜಿಗ್. ಸಣ್ಣ ಮೀನು ಆಹಾರವನ್ನು ಕಚ್ಚುವುದಕ್ಕಿಂತ ನೀರಿನ ಸಮೇತ ಒಳಗೆ ಹೀರಿಕೊಳ್ಳುವುದೇ ಹೆಚ್ಚು. ಭಾರದ ಜಿಗ್ ಆ ಸೆಳೆತಕ್ಕೆ ಬಾಯೊಳಗೆ ಹೋಗುವುದಿಲ್ಲ. ಮೇಲಾಗಿ ಮೀನು ನೋಡಿ ತೀರ್ಮಾನಿಸುವ ಮೊದಲೇ ತಳ ಸೇರಿ ಕೆಸರಲ್ಲಿ ಹೂತಿರುತ್ತದೆ. ಅಮೆರಿಕದಲ್ಲಿ ಬ್ಲೂಗಿಲ್, ಕ್ರ್ಯಾಪಿಯಂಥ ಸಣ್ಣ ಮೀನಿಗೆ 1/64ರಿಂದ 1/16 ಔನ್ಸ್ ಜಿಗ್ ಬಳಸುವುದು ಇದೇ ಕಾರಣಕ್ಕೆ. ನಮ್ಮ ಲೆಕ್ಕದಲ್ಲಿ 1/32 ಎಂದರೆ 0.9 ಗ್ರಾಂ, 1/16 ಎಂದರೆ 1.8 ಗ್ರಾಂ, 1/8 ಎಂದರೆ 3.5 ಗ್ರಾಂ. ಪ್ಯಾಕೆಟ್ ಮೇಲಿನ 16 ಎಂಬ ಅಂಕಿ 8ಕ್ಕಿಂತ ದೊಡ್ಡದೆಂದು ಭಾವಿಸಿ ತಿರುಗುಮುರುಗು ಕೊಳ್ಳುವವರಿದ್ದಾರೆ. ಗಾಳದ ನಂಬರಿನದೂ ಇದೇ ಕಥೆ: 10ನೇ ನಂಬರು 6ಕ್ಕಿಂತ ಚಿಕ್ಕದು. ಒಂದು ಗ್ರಾಂ ಜಿಗ್, 8 ಅಥವಾ 10ನೇ ನಂಬರಿನ ಗಾಳ, ಒಂದರಿಂದ ಒಂದೂವರೆ ಇಂಚಿನ ರಬ್ಬರ್ ಇದ್ದರೆ ಶುರು ಮಾಡಲು ಸಾಕು.

ಹಗುರ ಜಿಗ್ಗಿಗೆ ದಾರವೂ ಸಣ್ಣದೇ ಬೇಕು: 0.14ರಿಂದ 0.18 ಮಿ.ಮೀ. ದಪ್ಪದ ನೈಲಾನ್. 0.30ರ ದಾರ ರೀಲಿನಿಂದ ಸುರುಳಿ ಸುರುಳಿಯಾಗಿಯೇ ಬರುತ್ತದೆ. ಒಂದು ಗ್ರಾಂ ತೂಕ ಅದನ್ನು ನೆಟ್ಟಗೆ ಎಳೆಯಲಾರದು. ದೂರ ಹೋಗದು, ಮೀನು ಮುಟ್ಟಿದ್ದೂ ತಿಳಿಯದು. ಗಾಳಿ ಜೋರಿದ್ದರೆ ಜಿಗ್ಗಿನ ಮೇಲೆ ದಾರಕ್ಕೆ ತೇಲುವ ಸಣ್ಣ ಬೆಂಡು ಕಟ್ಟಿ. ಎಸೆಯಲು ತೂಕ ಸಿಗುತ್ತದೆ, ಜಿಗ್ ಬೇಕಾದ ಆಳದಲ್ಲಿ ನಿಲ್ಲುತ್ತದೆ.

ರಬ್ಬರ್ ಏರಿಸುವುದರಲ್ಲಿ ಅವಸರ ಬೇಡ. ಅದನ್ನು ಗಾಳದ ಪಕ್ಕ ಹಿಡಿದು, ಗಾಳದ ಬಾಗು ಬರುವ ಜಾಗಕ್ಕೆ ಉಗುರಿನಿಂದ ಗುರುತು ಮಾಡಿ. ಮೂತಿಯ ನಟ್ಟನಡುವೆ ಚುಚ್ಚಿ, ಗುರುತಿನಲ್ಲೇ ಹೊರತೆಗೆಯಿರಿ. ಗುರುತಿಗಿಂತ ಮುಂದೆ ತೆಗೆದರೆ ರಬ್ಬರ್ ಸೆಟೆದು ನಿಲ್ಲುತ್ತದೆ, ಹಿಂದೆ ತೆಗೆದರೆ ಗೂನು ಬೀಳುತ್ತದೆ. ಎರಡರಲ್ಲೂ ಎಳೆದಾಗ ಗಿರಗಿರ ತಿರುಗಿ ದಾರ ಹೊಸೆದುಕೊಳ್ಳುತ್ತದೆ. ರಬ್ಬರ್ ಪದೇ ಪದೇ ಕೆಳಗೆ ಜಾರುತ್ತಿದ್ದರೆ ಜಿಗ್ಗಿನ ಕುತ್ತಿಗೆಗೆ ಒಂದೇ ಹನಿ ಫೆವಿಕ್ವಿಕ್ ಸಾಕು. ಮೀನು ಬಾಲವನ್ನಷ್ಟೇ ಎಳೆದು ಬಿಡುತ್ತಿದ್ದರೆ ತಲೆಯ ಕಡೆಯಿಂದ ಅರ್ಧ ಸೆಂಟಿಮೀಟರ್ ಕತ್ತರಿಸಿ ಮತ್ತೆ ಏರಿಸಿ. ಬಾಲ ಮುಟ್ಟಬೇಡಿ, ನೀರಲ್ಲಿ ಆಡುವುದು ಅದೇ.

ಹೊಸ ಜಿಗ್ಗಿನ ಕಣ್ಣಿನಲ್ಲಿ, ಅಂದರೆ ದಾರ ಕಟ್ಟುವ ತೂತಿನಲ್ಲಿ, ಬಣ್ಣ ಮೆತ್ತಿರುತ್ತದೆ. ಇನ್ನೊಂದು ಗಾಳದ ಮೊನೆಯಿಂದ ಅದನ್ನು ಪೂರ್ತಿ ಕೆರೆದು ತೆಗೆಯಿರಿ, ಉಳಿದ ಅಂಚು ಸಣ್ಣ ದಾರವನ್ನು ಕೊಯ್ಯುತ್ತದೆ. ಬೆಂಡಿನ ಕೆಳಗೆ ಜಿಗ್ ಅಡ್ಡಡ್ಡ ಮಲಗಿದಂತೆ ತೂಗಬೇಕು. ಗಂಟು ಕಣ್ಣಿನ ಮುಂಬದಿಗೆ ಜಾರಿದರೆ ಮೂತಿ ಮೇಲಾಗಿ ನೇತಾಡುತ್ತದೆ. ಪ್ರತಿ ಮೀನು ಬಿಡಿಸಿದ ಮೇಲೆ ಗಂಟನ್ನು ಉಗುರಿನಿಂದ ಮೇಲಕ್ಕೆ ಸರಿಸಿ. ಈ ಒಂದು ಕೆಲಸವನ್ನು ಹೆಚ್ಚಿನವರು ಮಾಡುವುದೇ ಇಲ್ಲ.

ಎಸೆದ ಮೇಲೆ ಜಗ್ಗಾಡಬೇಡಿ. ಮೆಲ್ಲಗೆ ಎಳೆದು ನಿಲ್ಲಿಸಿ, ಇಳಿಯಲು ಬಿಡಿ. ಸಣ್ಣ ಮೀನು ಹಿಡಿಯುವುದು ಹೆಚ್ಚಾಗಿ ಇಳಿಯುವಾಗಲೇ. ಆಗ ಕೈಗೆ ಏನೂ ತಿಳಿಯುವುದಿಲ್ಲ. ಇಳಿಯುತ್ತಿದ್ದ ದಾರ ನಡುವೆಯೇ ನಿಂತರೆ, ಸಡಿಲಾದರೆ, ಮಣಿಕಟ್ಟಿನಿಂದಷ್ಟೇ ಎತ್ತಿ. ಜಿಲೇಬಿ ಪಾಚಿ ಮೇಯುವ ಮೀನು, ಬೆನ್ನಟ್ಟಿ ಬರುವುದು ಕಡಿಮೆ. ದಂಡೆಯ ತೆಳು ನೀರಿನಲ್ಲಿ ಗುಂಡನೆಯ ಗುಳಿ ತೋಡಿ ಗಂಡು ಕಾವಲಿರುವಾಗ ಮಾತ್ರ ಹತ್ತಿರ ಬಂದ ಜಿಗ್ಗನ್ನು ಕಚ್ಚಿ ಆಚೆ ಹಾಕಲು ನೋಡುತ್ತದೆ. ಇದು ಆಫ್ರಿಕದ ಮೀನು, 1952ರಲ್ಲಿ ಭಾರತಕ್ಕೆ ತಂದದ್ದು. ಜೀವಂತ ಒಯ್ದು ಇನ್ನೊಂದು ಕೆರೆಗೆ ದಯವಿಟ್ಟು ಬಿಡಬೇಡಿ.

ಬಣ್ಣದ ವಿಷಯ ಇಷ್ಟೇ: ಎರೆ ಹೊಲದ ನೀರು ಹರಿದು ಬಂದು ಕೆರೆ ರಾಡಿಯಾಗಿದ್ದರೆ ಕಪ್ಪು ಅಥವಾ ಹೊಳೆಯುವ ಹಳದಿ-ಹಸಿರು, ತಿಳಿಯಾಗಿದ್ದರೆ ಕಂದು ಅಥವಾ ಹೊಗೆಬಣ್ಣ.

ಕೊನೆಗೆ ಸೀಸದ ಮಾತು, ಇದನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಅದು ರಾಮ್ಸರ್ ತಾಣವೂ (ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿ) ಆಯಿತು. ಅಲ್ಲಿ ಗಾಳ ಹಾಕುವ ಮಾತೇ ಬೇಡ. ಆದರೆ ನೀರುಹಕ್ಕಿಗಳು ಎಲ್ಲ ಕೆರೆಗಳಲ್ಲೂ ಮೇಯುತ್ತವೆ. ಕಾಳು ಅರೆಯಲೆಂದು ಹರಳು ನುಂಗುವ ಹಕ್ಕಿ ಸೀಸದ ಗುಂಡನ್ನೂ ನುಂಗುತ್ತದೆ, ಅದು ಹೊಟ್ಟೆಯಲ್ಲಿ ಸವೆದು ವಿಷವಾಗುತ್ತದೆ. ಹಂಸಗಳು ಹೀಗೆ ಸತ್ತದ್ದರಿಂದಲೇ ಬ್ರಿಟನ್ 1987ರಲ್ಲಿ ಸಣ್ಣ ಸೀಸದ ಗುಂಡುಗಳ ಮಾರಾಟಕ್ಕೆ ತಡೆ ಹಾಕಿತು. ದಾರಕ್ಕೆ ಸಿಕ್ಕಿಸುವ ಸೀಳಿದ ಗುಂಡನ್ನು ಹಲ್ಲಿನಿಂದ ಕಚ್ಚಿ ಮುಚ್ಚುವ ರೂಢಿ ಬಿಡಿ, ಬುತ್ತಿ ಬಿಚ್ಚುವ ಮೊದಲು ಕೈ ಸಾಬೂನು ಹಾಕಿ ತೊಳೆಯಿರಿ. ಮನೆಯಲ್ಲಿ ಸೀಸ ಕರಗಿಸುವುದಂತೂ ಬೇಡವೇ ಬೇಡ: ಅಚ್ಚಿನಲ್ಲಿ ಒಂದು ಹನಿ ನೀರಿದ್ದರೂ ಕಾದ ಸೀಸ ಮುಖಕ್ಕೆ ಸಿಡಿಯುತ್ತದೆ.

ಹುಬ್ಬಳ್ಳಿಯ ಅಂಗಡಿಯವರಲ್ಲಿ ನಮ್ಮ ಕೋರಿಕೆ ಎರಡು. ಜಿಗ್ ಪ್ಯಾಕೆಟ್‌ಗಳ ಮೇಲೆ ತೂಕವನ್ನು ಗ್ರಾಂನಲ್ಲಿ ಬರೆದಿಡಿ. ಒಂದು, ಎರಡು ಗ್ರಾಂನ ಟಂಗ್‌ಸ್ಟನ್ ಜಿಗ್ ಸ್ವಲ್ಪವಾದರೂ ತರಿಸಿ. ಬೆಲೆ ಹೆಚ್ಚು ನಿಜ, ಆದರೆ ಸೀಸಕ್ಕಿಂತ ಸಾಂದ್ರವಾದ್ದರಿಂದ ಅದೇ ತೂಕಕ್ಕೆ ಗುಂಡು ಚಿಕ್ಕದಾಗುತ್ತದೆ, ಸಣ್ಣ ಬಾಯಿಗೂ ಹಿಡಿಸುತ್ತದೆ.

– ಗಾಳದ ಹವ್ಯಾಸಿಗಳು, ಧಾರವಾಡ