ಕ್ಯಾಸಲ್‌ರಾಕ್ ಘಾಟಿಗೂ ಒಂದು ಹಗಲು ರೈಲು ಕೊಡಿ

ಮಾನ್ಯ ಕೇಂದ್ರ ರೈಲ್ವೆ ರಾಜ್ಯ ಸಚಿವ ಶ್ರೀ ವಿ. ಸೋಮಣ್ಣನವರಿಗೆ,

ನಮಸ್ಕಾರ ಸರ್.

ಬೆಳಗಾವಿಯಿಂದ ಬೆಳಿಗ್ಗೆ ಹೊರಟು, ಲೋಂಡಾ ದಾಟಿ, ಕ್ಯಾಸಲ್‌ರಾಕ್ ಘಾಟಿ ಇಳಿದು, ಗೋವಾದ ಕುಳೆಂ ತನಕ ಹೋಗಿ ಸಂಜೆಗೆ ವಾಪಸ್ ಬರುವ ಒಂದು ನಿಧಾನದ ರೈಲು ನಮಗೆ ಬೇಕು. ಮಳೆಗಾಲದ ಶನಿವಾರ, ಭಾನುವಾರ ಓಡಿದರೂ ಸಾಕು. ಇದನ್ನು ಕೇಳಲಿಕ್ಕೆಂದೇ ಈ ಪತ್ರ.

ಈ ಆಸೆ ಹುಟ್ಟಿದ್ದು ಶಿಮ್ಲಾದಲ್ಲಿ. ಬೇಸಿಗೆ ರಜೆಗೆ ಮನೆಮಂದಿಯೆಲ್ಲ ಹೋಗಿದ್ದೆವು. ಗೋವಾ ಎಕ್ಸ್‌ಪ್ರೆಸ್ ನಮ್ಮೂರಿನ ಮೇಲೆಯೇ ದಿಲ್ಲಿಗೆ ಹೋಗುತ್ತದೆ. ಅಲ್ಲಿಂದ ಕಾಲ್ಕಾ. ಕಾಲ್ಕಾದಿಂದ ಶಿಮ್ಲಾಕ್ಕೆ ಆ ಪುಟ್ಟ ರೈಲು.

ಎರಡೂವರೆ ಅಡಿ ಅಗಲದ ಹಳಿ, 1903ರಲ್ಲಿ ಶುರುವಾದ ಲೈನು. 96 ಕಿಲೋಮೀಟರ್ ಹತ್ತಲಿಕ್ಕೆ ಐದು ತಾಸು ಬೇಕು. ಕಾಲ್ಕಾ ಇರುವುದು 656 ಮೀಟರ್ ಎತ್ತರದಲ್ಲಿ, ಶಿಮ್ಲಾ 2,076 ಮೀಟರ್‌ನಲ್ಲಿ. ನಡುವೆ 102 ಸುರಂಗ, 800ಕ್ಕೂ ಜಾಸ್ತಿ ಸೇತುವೆ. ಸುರಂಗಗಳಿಗೆಲ್ಲ ನಂಬರ್ ಇದೆ, ಮಕ್ಕಳು ಅದನ್ನೇ ಕೂಗಿ ಎಣಿಸುತ್ತಾ ಕೂತಿದ್ದರು. ಕನೋಹ್ ಹತ್ತಿರ ಕಲ್ಲಿನ ಕಮಾನುಗಳನ್ನು ನಾಲ್ಕು ಅಂತಸ್ತು ಒಂದರ ಮೇಲೊಂದು ಕಟ್ಟಿದ್ದಾರೆ. ಅದರ ಮೇಲೆ ಗಾಡಿ ತಿರುಗುವಾಗ ನಮ್ಮ ಮುಂದಿನ ಬೋಗಿ ನಮಗೇ ಕಾಣುತ್ತದೆ.

ಬರೋಗ್ ಸ್ಟೇಷನ್ನಿನಲ್ಲಿ ಗಾಡಿ ಸ್ವಲ್ಪ ಹೊತ್ತು ನಿಲ್ಲುತ್ತದೆ. ಪಕ್ಕದಲ್ಲೇ ಆ ಲೈನಿನ ಅತಿ ಉದ್ದದ ಸುರಂಗ, 1,143 ಮೀಟರ್. ಬರೋಗ್ ಎಂಬ ಇಂಜಿನಿಯರ್ ಎರಡೂ ಕಡೆಯಿಂದ ಅಗೆಸಿದ, ನಡುವೆ ಎರಡು ತುದಿಗಳು ಕೂಡಲಿಲ್ಲ, ಆ ಅವಮಾನಕ್ಕೆ ಜೀವ ಕಳೆದುಕೊಂಡ ಎಂದು ಅಲ್ಲಿನವರು ಹೇಳುತ್ತಾರೆ. ಆಮೇಲೆ ಸುರಂಗದ ದಾರಿ ತೋರಿಸಿದವನು ಭಲ್ಕು, ಗುಡ್ಡದ ಹಳ್ಳಿಯವನು. ಶಿಮ್ಲಾದ ರೈಲು ಮ್ಯೂಸಿಯಂಗೆ ಈಗ ಅವನ ಹೆಸರಿಟ್ಟಿದ್ದಾರೆ, ಬಾಬಾ ಭಲ್ಕು ಮ್ಯೂಸಿಯಂ ಅಂತ. ಸೋತವನ ಹೆಸರು ಸ್ಟೇಷನ್ನಿಗೆ, ಹಳ್ಳಿಯವನ ಹೆಸರು ಮ್ಯೂಸಿಯಂಗೆ! ನನಗೆ ಇದು ಹಿಮಾಲಯದ ಗುಡ್ಡಗಳಿಗಿಂತ ಹೆಚ್ಚು ಹಿಡಿಸಿತು.

ಸರ್, 2023ರ ಆಗಸ್ಟ್ ಮಳೆಗೆ ಸಮ್ಮರ್ ಹಿಲ್ ಹತ್ತಿರ ಗುಡ್ಡ ಕುಸಿದು, ಕೆಳಗಿನ ಮಣ್ಣೆಲ್ಲ ಕೊಚ್ಚಿಹೋಗಿ, ಈ ಲೈನಿನ ಹಳಿ ಗಾಳಿಯಲ್ಲಿ ನೇತಾಡುತ್ತಿತ್ತು. ಟಿವಿಯಲ್ಲಿ ನೋಡಿದ ನಮಗೆ ಇನ್ನು ಈ ರೈಲು ಮುಗಿಯಿತು ಅನಿಸಿತ್ತು. ತಮ್ಮ ಇಲಾಖೆ ಕೆಲವೇ ವಾರಗಳಲ್ಲಿ ಅದನ್ನು ಮತ್ತೆ ಓಡಿಸಿತು. ರಸ್ತೆ ಇದೆ, ಬಸ್ಸಿದೆ, ಇಷ್ಟು ಖರ್ಚು ಯಾಕೆ ಅನ್ನಬಹುದಿತ್ತು. ಅನ್ನಲಿಲ್ಲ. ಡಾರ್ಜಿಲಿಂಗ್ ಲೈನನ್ನೂ ಹಾಗೇ ಕಾಪಾಡಿದ್ದಾರೆ. ಅದು ಇನ್ನೂ ಹಳೆಯದು, 1881ರದ್ದು. ಡಾರ್ಜಿಲಿಂಗ್, ನೀಲಗಿರಿ, ಶಿಮ್ಲಾ, ಮೂರೂ ಯುನೆಸ್ಕೋ ಪಟ್ಟಿಯಲ್ಲಿವೆ.

ಈಗ ನಮ್ಮ ಘಾಟಿಗೆ ಬರುತ್ತೇನೆ. ಕ್ಯಾಸಲ್‌ರಾಕ್‌ನಿಂದ ಕುಳೆಂಗೆ ಇಳಿಯುವ ಹಳಿ 1880ರ ದಶಕದ್ದು, ಶಿಮ್ಲಾ ಲೈನಿಗಿಂತ ಹಿರಿಯದು. ಆಗ ಕ್ಯಾಸಲ್‌ರಾಕ್ ಅಂದರೆ ಗಡಿ. ಈಚೆ ಬ್ರಿಟಿಷರು, ಆಚೆ ಪೋರ್ಚುಗೀಸರ ಗೋವಾ. ಆ ಗಡಿ 1961ರ ತನಕ ಇತ್ತು. 37 ಅಡಿ ಮುಂದೆ ಹೋದರೆ ಒಂದು ಅಡಿ ಏರು. ಭಾರದ ಗಾಡಿಗಳಿಗೆ ಹಿಂದಿನಿಂದ ಬ್ಯಾಂಕರ್ ಇಂಜಿನ್ ಹಚ್ಚಿ ತಳ್ಳಬೇಕಾಗುತ್ತದೆ. ಸುರಂಗಗಳು ಇಲ್ಲೂ ಸಾಲಾಗಿ ಬರುತ್ತವೆ. ಕಾಡಂತೂ ಶಿಮ್ಲಾ ದಾರಿಗಿಂತ ದಟ್ಟ. ನಡುವೆ ದೂಧಸಾಗರ, 310 ಮೀಟರ್ ಎತ್ತರದಿಂದ ಬೀಳುವ ನೀರು. ಅದರ ಎದುರಿನ ಸೇತುವೆ ಮೇಲೆ ಗಾಡಿ ಬಂದಾಗ ಹನಿ ಕಿಟಕಿಯೊಳಗೇ ಸಿಡಿಯುತ್ತದೆ. ಇಷ್ಟೆಲ್ಲ ಇದ್ದೂ, ಎಕ್ಸ್‌ಪ್ರೆಸ್ ಗಾಡಿಯಲ್ಲಿ ಅದು ನೋಡುತ್ತಿದ್ದಂತೆ ಹಿಂದೆ ಸರಿದುಹೋಗುತ್ತದೆ. ಬಾಗಿಲಲ್ಲಿ ನೂಕುನುಗ್ಗಲು. ಅಜ್ಜಿ, ಮಕ್ಕಳಿಗೆ ಏನೂ ಕಾಣುವುದಿಲ್ಲ.

ಅದಕ್ಕೇ ಹುಡುಗರು ಹಳಿ ಮೇಲೆ ನಡೆದುಕೊಂಡು ಹೋಗುತ್ತಾರೆ. 2023ರ ಜುಲೈನಲ್ಲಿ ಹಾಗೆ ಹೋದವರಿಗೆ ಪೊಲೀಸರು ಬಸ್ಕಿ ಹೊಡೆಸಿದ್ದು ಎಲ್ಲ ಕಡೆ ಸುದ್ದಿಯಾಯಿತು. ಜಲಪಾತವನ್ನು ಬೋಗಿಯೊಳಗಿಂದಲೇ ನೋಡಿ ಎಂದು ರೈಲ್ವೆ ಮನವಿ ಮಾಡಿತು. ಮನವಿ ಸರಿಯಾಗಿಯೇ ಇದೆ. ಮಳೆಯಲ್ಲಿ ಆ ಹಳಿ ಮೇಲೆ ನಡೆಯುವುದು ಜೀವಕ್ಕೆ ಅಪಾಯ. ಆದರೆ ಒಳಗಿಂದ ನೋಡುವಂಥ ಬೋಗಿ ಬೇಕಲ್ವಾ? 2021ರಲ್ಲಿ ಬೆಂಗಳೂರು–ಮಂಗಳೂರು ಹಗಲು ರೈಲಿಗೆ ದೊಡ್ಡ ಗಾಜಿನ ವಿಸ್ಟಾಡೋಮ್ ಬೋಗಿ ಹಾಕಿದಿರಿ. ಸಕಲೇಶಪುರ ಘಾಟಿಗೆ ಬಂದದ್ದು ಬೆಳಗಾವಿ ಕಡೆಗೂ ಬರಲಿ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಬರೀ ವಿಸ್ಟಾಡೋಮ್ ಸಾಲದು. ಅದರ ಟಿಕೆಟ್ ಎಲ್ಲರ ಕೈಗೆ ಎಟುಕುವುದಿಲ್ಲ. ಶಿಮ್ಲಾ ಲೈನಿನಲ್ಲಿ ದುಬಾರಿ ಗಾಡಿಯೂ ಇದೆ, ಸಾದಾ ಗಾಡಿಯೂ ಇದೆ. ಇಲ್ಲೂ ಸಾದಾ ಬೋಗಿಗಳು ಇರಲಿ. ಖಾನಾಪುರ, ಬೈಲಹೊಂಗಲದ ಸರಕಾರಿ ಶಾಲೆಗಳು ಮಕ್ಕಳನ್ನು ಕರೆದುಕೊಂಡು ಹೋಗುವ ಹಾಗಿರಲಿ. ದಾರಿಯ ಸ್ಟೇಷನ್‌ಗಳಲ್ಲಿ ಈ ಘಾಟಿಯ ಚರಿತ್ರೆಯನ್ನು ಕನ್ನಡದಲ್ಲೂ ಬರೆಸಿ.

ಇದಕ್ಕೆ ಹೊಸ ಹಳಿ ಬೇಡ, ಗುಡ್ಡ ಕಡಿಯುವುದೂ ಬೇಡ. ಕ್ಯಾಸಲ್‌ರಾಕ್–ಕುಳೆಂ ಜೋಡಿ ಹಳಿಗೆ ಕೊಟ್ಟಿದ್ದ ವನ್ಯಜೀವಿ ಮಂಡಳಿಯ ಒಪ್ಪಿಗೆಯನ್ನು 2022ರಲ್ಲಿ ಸುಪ್ರೀಂ ಕೋರ್ಟ್ ರದ್ದು ಮಾಡಿದೆ. 2021ರ ಜುಲೈನಲ್ಲಿ ಇದೇ ಘಾಟಿಯಲ್ಲಿ ಮಣ್ಣು ಕುಸಿದು ರೈಲು ಹಳಿ ತಪ್ಪಿತ್ತು. ನಾನು ಕೇಳುತ್ತಿರುವುದು ಇರುವ ಹಳಿ ಮೇಲೆ ವಾರಕ್ಕೆ ಎರಡು ದಿನ ಒಂದು ಗಾಡಿ. ಮಳೆ ತೀರಾ ಜೋರಾದ ದಿನ ಅದನ್ನು ನಿಲ್ಲಿಸಿದರೂ ಬೇಸರವಿಲ್ಲ. ಸರಕು ಗಾಡಿಗಳ ನಡುವೆ ಅದಕ್ಕೆ ಜಾಗ ಹೊಂದಿಸುವುದು ಸುಲಭವಲ್ಲ ಅಂತ ನನಗೂ ಗೊತ್ತು. ಆದರೂ ಹುಬ್ಬಳ್ಳಿಯ ನೈಋತ್ಯ ರೈಲ್ವೆ ಕಚೇರಿಗೆ ತಾವು ಒಂದು ಸೂಚನೆ ಕೊಟ್ಟರೆ, ಜೂನ್‌ಗೆ ಮೊದಲೇ ಟೈಮ್‌ಟೇಬಲ್ ನೋಡಿ, ಪ್ರಾಯೋಗಿಕವಾಗಿ ಒಂದು ಮಳೆಗಾಲ ಓಡಿಸಿ ನೋಡಬಹುದು. ದಯವಿಟ್ಟು ಆ ಸೂಚನೆ ಕೊಡಿ.

ಇತಿ ತಮ್ಮ ವಿಶ್ವಾಸಿ,
ಬೆಳಗಾವಿಯ ಒಬ್ಬ ಶಿಕ್ಷಕಿ
ಟಿಳಕವಾಡಿ