ಎಕ್ಸಾಸ್ಟ್‌ಗೆ ಸ್ಟೇನ್‌ಲೆಸ್: ಎಲ್ಲಿ ಸರಿ, ಎಲ್ಲಿ ಎಡವಟ್ಟು

ಮಾನ್ಯ ಸಂಪಾದಕರೆ,

ಹಳೆಯ ಕಾರುಗಳ ಆರೈಕೆ ಕುರಿತು ನಿಮ್ಮ ವಾಹನ ಪುಟದಲ್ಲಿ ಬಂದ ಲೇಖನದಲ್ಲಿ, ‘ಎಕ್ಸಾಸ್ಟ್‌ನ ತುಕ್ಕು ಹಿಡಿದ ನಟ್ಟು ಬೋಲ್ಟುಗಳನ್ನೆಲ್ಲ ತೆಗೆದು ಸ್ಟೇನ್‌ಲೆಸ್ ಸ್ಟೀಲಿನವನ್ನು ಹಾಕಿಬಿಡಿ’ ಎಂಬ ಸಾಲೊಂದಿದೆ. ಉಳಿದ ಸಲಹೆಗಳ ಬಗ್ಗೆ ತಕರಾರಿಲ್ಲ. ಈ ಒಂದು ಸಾಲನ್ನು ನಂಬಿ ಮ್ಯಾನಿಫೋಲ್ಡ್‌ಗೆ (ಎಂಜಿನ್ನಿನ ಹೊಗೆಯನ್ನು ಎಕ್ಸಾಸ್ಟ್ ಪೈಪಿಗೆ ಒಯ್ಯುವ ಭಾಗಕ್ಕೆ) ಕೈ ಹಾಕಿದವರು ಮುಂದೊಂದು ದಿನ ಅದು ಕೂತಿರುವ ಸಿಲಿಂಡರ್ ಹೆಡ್ಡನ್ನೇ, ಅಂದರೆ ಎಂಜಿನ್ನಿನ ಮೇಲ್ಭಾಗವನ್ನೇ, ಇಳಿಸಬೇಕಾದೀತು ಎಂಬ ಕಾರಣಕ್ಕೆ ಈ ಪತ್ರ.

ಮ್ಯಾನಿಫೋಲ್ಡ್ ಹಿಡಿಯುವ ನಟ್ಟಿನಲ್ಲಿ ನೋಡಬೇಕಾದದ್ದು ಅದು ಎಷ್ಟು ಗಟ್ಟಿ, ಎಷ್ಟು ಹೊಳೆಯುತ್ತದೆ ಎಂಬುದನ್ನಲ್ಲ. ಹತ್ತು ವರ್ಷದ ಮೇಲೆ ಬಿಚ್ಚಲು ಬರುತ್ತದೆಯೇ ಎಂಬುದನ್ನು. ಕೆಡುವುದಿದ್ದರೆ ಮೊದಲು ನಟ್ಟು ಕೆಡಬೇಕು, ಆಮೇಲೆ ಸ್ಟಡ್ಡು (ಹೆಡ್ಡಿಗೆ ತಿರುಗಿಸಿ ನಿಲ್ಲಿಸಿದ ತಲೆಯಿಲ್ಲದ ಬೋಲ್ಟು). ಹೆಡ್ಡಿನೊಳಗಿನ ಥ್ರೆಡ್ (ತಿರುಪಿನ ಗೆರೆ) ಮಾತ್ರ ಯಾವತ್ತೂ ಕೆಡಬಾರದು. ಹಿತ್ತಾಳೆ ನಟ್ಟು ಬಳಕೆಗೆ ಬಂದದ್ದು ಈ ಲೆಕ್ಕದಲ್ಲೇ. ಅದು ಉಕ್ಕಿಗಿಂತ ಮೆದು, ಉಕ್ಕಿನ ಸ್ಟಡ್ಡಿನ ಜೊತೆ ತುಕ್ಕು ಹಿಡಿದು ಒಂದಾಗುವುದಿಲ್ಲ. ಮೆದುವಾದ್ದರಿಂದ ಉದ್ದ ಹೆಚ್ಚಿರಬೇಕು: ಸ್ಟಡ್ಡಿನ ವ್ಯಾಸದ ಒಂದೂವರೆ ಪಟ್ಟು. 8 ಮಿ.ಮೀ. ಸ್ಟಡ್ಡಿಗೆ 12 ಮಿ.ಮೀ. ಎತ್ತರದ ನಟ್ಟು, ಸಾಮಾನ್ಯ ಉಕ್ಕಿನ ನಟ್ಟಿನ ಎತ್ತರ ಸುಮಾರು 6.5 ಮಿ.ಮೀ. ಮಾತ್ರ. ಅಷ್ಟು ಜಾಗವಿಲ್ಲದ ಕಡೆ ತಾಮ್ರ ಲೇಪಿಸಿದ ಉಕ್ಕಿನ ನಟ್ಟು ಹಾಕಬಹುದು. ಬಣ್ಣ ನೋಡಿ ಮೋಸ ಹೋಗದಿರಲು ಒಂದು ಆಯಸ್ಕಾಂತ ಸಾಕು: ಹಿತ್ತಾಳೆ ಅಂಟುವುದಿಲ್ಲ, ತಾಮ್ರದ ಲೇಪ ಮಾತ್ರ ಇರುವ ಉಕ್ಕು ಅಂಟುತ್ತದೆ. ಟರ್ಬೊ ಇರುವ ಎಂಜಿನ್ನಿಗೆ ಮಾತ್ರ ಹಿತ್ತಾಳೆ ಬೇಡ. ಅಲ್ಲಿನ ಬಿಸಿಗೆ ಅದು ಇನ್ನಷ್ಟು ಮೆತ್ತಗಾಗುತ್ತದೆ.

ಇನ್ನು ಸ್ಟೇನ್‌ಲೆಸ್. ಅದಕ್ಕೆ ತುಕ್ಕು ಹಿಡಿಯದಂತೆ ಕಾಯುವುದು ಮೇಲಿನ ತೆಳು ಆಕ್ಸೈಡ್ ಪದರ. ಸ್ಟೇನ್‌ಲೆಸ್ ಸ್ಟಡ್ಡಿಗೆ ಸ್ಟೇನ್‌ಲೆಸ್ ನಟ್ಟನ್ನೇ ಏರಿಸಿ ಬಿಗಿದಾಗ ಒತ್ತಡದಲ್ಲಿ ಆ ಪದರ ಉಜ್ಜಿ ಹೋಗಿ ಲೋಹಕ್ಕೆ ಲೋಹ ತಾಗುತ್ತದೆ, ಎರಡೂ ಬೆಸುಗೆ ಹಾಕಿದಂತೆ ಕಚ್ಚಿಕೊಳ್ಳುತ್ತವೆ. ಅರ್ಧ ದಾರಿಯಲ್ಲಿ ನಿಂತ ನಟ್ಟು ಹಿಂದಕ್ಕೂ ಬರದು, ಮುಂದಕ್ಕೂ ಹೋಗದು. ಗಾಳಿಯ ಗನ್ನಿನಲ್ಲಿ ವೇಗವಾಗಿ ತಿರುಗಿಸಿದರಂತೂ ಮುಗಿಯಿತು. ನಿಕಲ್ ಪುಡಿ ಇರುವ ಆ್ಯಂಟಿ-ಸೀಜ್ (ಕಚ್ಚಿಕೊಳ್ಳದಂತೆ ತಡೆಯುವ ಲೇಪ) ಸವರಿ ಕೈಯಿಂದಲೇ ನಿಧಾನ ತಿರುಗಿಸಿದರೆ, ಅಥವಾ ನಟ್ಟನ್ನಾದರೂ ಹಿತ್ತಾಳೆಯದು ಹಾಕಿದರೆ, ಈ ಕಾಟದಿಂದ ಪಾರಾಗಬಹುದು.

ಎರಡನೆಯ ತೊಂದರೆಗೆ ಆ್ಯಂಟಿ-ಸೀಜ್ ಕೂಡ ಮದ್ದಲ್ಲ. 100 ಡಿಗ್ರಿ ಸೆಲ್ಸಿಯಸ್ ಬಿಸಿ ಏರಿದರೆ ಒಂದು ಮೀಟರ್ ಉದ್ದದ ಎರಕದ ಕಬ್ಬಿಣ ಸುಮಾರು 1.1 ಮಿ.ಮೀ. ಹಿಗ್ಗುತ್ತದೆ, ಸಾಮಾನ್ಯ ಉಕ್ಕು 1.2, ಎ2 ಎಂಬ ಸಾಮಾನ್ಯ ದರ್ಜೆಯ ಸ್ಟೇನ್‌ಲೆಸ್ 1.7. ಬೋಲ್ಟು ಬಿಗಿ ಹಿಡಿಯುವುದು ತಾನು ತುಸು ಎಳೆದುಕೊಂಡು ನಿಂತಿರುವುದರಿಂದ. 25 ಮಿ.ಮೀ. ದಪ್ಪವನ್ನು ಹಿಡಿದಿರುವ 8 ಮಿ.ಮೀ. ಬೋಲ್ಟನ್ನು 20 ನ್ಯೂಟನ್ ಮೀಟರ್‌ಗೆ ಬಿಗಿದರೆ ಆ ಎಳೆತ ಸುಮಾರು 0.04 ಮಿ.ಮೀ. ಮ್ಯಾನಿಫೋಲ್ಡು, ಬೋಲ್ಟು ಎರಡೂ 300 ಡಿಗ್ರಿ ಬಿಸಿಯಾದಾಗ ಸ್ಟೇನ್‌ಲೆಸ್ ಬೋಲ್ಟು ಕಬ್ಬಿಣಕ್ಕಿಂತ ಹೆಚ್ಚಾಗಿ ಉದ್ದವಾಗುವುದೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಬಿಗಿ ಪೂರ್ತಿ ಹೋಯಿತು. ತಣ್ಣಗಿದ್ದಾಗ ಸ್ಪ್ಯಾನರ್ ಹಾಕಿ ನೋಡಿದರೆ ಬಿಗಿಯಾಗಿಯೇ ಇರುತ್ತದೆ, ಓಡುವಾಗ ಗ್ಯಾಸ್ಕೆಟ್ (ಮ್ಯಾನಿಫೋಲ್ಡ್, ಹೆಡ್ಡುಗಳ ನಡುವಿನ ಸಂದಿ ಮುಚ್ಚುವ ಹಾಳೆ) ‘ಟಿಕ್ ಟಿಕ್’ ಎಂದು ಹೊಗೆ ಬಿಡುತ್ತದೆ. ಅದನ್ನು ಟ್ಯಾಪೆಟ್ (ವಾಲ್ವ್ ಒತ್ತುವ ಭಾಗ) ಸದ್ದೆಂದು ತಿಳಿದು ವಾಲ್ವ್ ಗ್ಯಾಪ್ ಸರಿಮಾಡುತ್ತಾ ಕೂರುವವರೇ ಹೆಚ್ಚು.

‘ಹಾಗಾದರೆ ಅತಿ ಗಟ್ಟಿಯದನ್ನೇ ಹಾಕೋಣ’ ಎಂದು 12.9 ದರ್ಜೆಯ ಬೋಲ್ಟು ತರುವುದೂ ಜಾಣತನವಲ್ಲ. ಅದರ ಗಡಸುತನ ಬಂದದ್ದೇ ಬಿಸಿ ಮಾಡಿ ಹದಗೊಳಿಸಿದ್ದರಿಂದ. ಎಕ್ಸಾಸ್ಟ್‌ನ ಬಿಸಿಯಲ್ಲಿ ಆ ಹದ ಇಳಿಯುತ್ತದೆ. 8.8 ದರ್ಜೆಯ ಸ್ಟಡ್ಡು ಸಾಮಾನ್ಯ ಪೆಟ್ರೋಲ್ ಎಂಜಿನ್ನಿಗೆ ಸಾಕು. ಹೆಚ್ಚು ಬಿಸಿಯ ಕಡೆಗೆ ಬಿ7 ಎಂದು ಗುರುತು ಹಾಕಿದ ಕ್ರೋಮ್-ಮಾಲಿಬ್ಡಿನಂ ಉಕ್ಕಿನದು ಒಳ್ಳೆಯದು. ನೈಲಾನ್ ಉಂಗುರದ ಲಾಕ್ ನಟ್ಟು ಇಲ್ಲಿಗೆ ಬೇಡವೇ ಬೇಡ: ಸುಮಾರು 120 ಡಿಗ್ರಿ ದಾಟಿದರೆ ನೈಲಾನ್ ಕೆಲಸಕ್ಕೆ ಬಾರದು. ಸ್ಪ್ರಿಂಗ್ ವಾಷರ್ ಬಿಸಿಗೆ ಹದ ಕಳೆದುಕೊಂಡು ಚಪ್ಪಟೆಯಾಗುತ್ತದೆ. ಸತು ಲೇಪ 419 ಡಿಗ್ರಿಗೆ ಕರಗುತ್ತದೆ. ಹಳೆಯ ದಾಸ್ತಾನಿನ ನಟ್ಟುಗಳಲ್ಲಿ ಕ್ಯಾಡ್ಮಿಯಂ ಲೇಪವೂ ಇರಬಹುದು. ಅದಕ್ಕೆ ಗ್ಯಾಸ್ ಟಾರ್ಚ್ ಹಿಡಿದರೆ ಏಳುವ ಹೊಗೆ ವಿಷ.

ಥ್ರೆಡ್ ವಿಷಯದಲ್ಲಿ ಆಗುವ ಹಾನಿ ಇವೆಲ್ಲಕ್ಕಿಂತ ಹೆಚ್ಚು. 5/16 ಇಂಚು ಎಂದರೆ 7.94 ಮಿ.ಮೀ.; 8 ಮಿ.ಮೀ. ನಟ್ಟು ಅದರ ಮೇಲೆ ಒಂದೆರಡು ಸುತ್ತು ಏರಿಯೇ ಬಿಡುತ್ತದೆ. ಆದರೆ ಇಂಚಿಗೆ ಯುಎನ್‌ಎಫ್‌ನಲ್ಲಿ (ಏಕರೂಪದ ಸಣ್ಣ ಥ್ರೆಡ್) 24 ಥ್ರೆಡ್, ಬಿಎಸ್‌ಎಫ್‌ನಲ್ಲಿ (ಹಳೆಯ ಬ್ರಿಟಿಷ್ ಸಣ್ಣ ಥ್ರೆಡ್) 22, 8 ಮಿ.ಮೀ. ಮೆಟ್ರಿಕ್‌ನಲ್ಲಿ 20ರ ಆಸುಪಾಸು. ಬಿಎಸ್‌ಎಫ್‌ನ ಕೋನ 55 ಡಿಗ್ರಿ, ಉಳಿದೆರಡರದು 60. ಬ್ರಿಟನ್, ಅಮೆರಿಕ, ಕೆನಡಾ ಸೇರಿ ಏಕರೂಪದ ಥ್ರೆಡ್ಡಿಗೆ ಒಪ್ಪಿಕೊಂಡದ್ದು 1948ರಲ್ಲಿ. ಕಾರ್ಖಾನೆಗಳು ಬದಲಾದದ್ದು ನಿಧಾನವಾಗಿ. ಆದ್ದರಿಂದ ಐವತ್ತರ ದಶಕದ ಬ್ರಿಟಿಷ್ ಕಾರಿನಲ್ಲಿ ಬಿಎಸ್‌ಎಫ್, ಯುಎನ್‌ಎಫ್ ಎರಡೂ ಬಗೆ ಇರಬಹುದು. ಥ್ರೆಡ್ ಗೇಜ್ ಹಿಡಿದು ನೋಡದೆ ಏನನ್ನೂ ಕೊಳ್ಳಬೇಡಿ. ಎಷ್ಟೋ ಸ್ಟಡ್ಡುಗಳ ಎರಡು ತುದಿಗಳ ಥ್ರೆಡ್ ಬೇರೆ ಬೇರೆ: ಹೆಡ್ಡಿನೊಳಗೆ ಒರಟು, ನಟ್ಟಿನ ಕಡೆ ಸಣ್ಣ.

ಸ್ಟಡ್ಡು ಹೆಡ್ಡಿನೊಳಗೆ ಎರಕದ ಕಬ್ಬಿಣದಲ್ಲಿ ವ್ಯಾಸದ ಒಂದೂವರೆ ಪಟ್ಟು, ಅಲ್ಯೂಮಿನಿಯಂನಲ್ಲಿ ಎರಡು ಪಟ್ಟು ಇಳಿದಿರಲಿ. ತಳಕ್ಕೆ ಗುದ್ದುವಂತೆ ಬಿಗಿಯದೆ ಕೈಬಿಗಿಗೆ ನಿಲ್ಲಿಸಿ. ಕೆಲವು ಹೆಡ್ಡುಗಳಲ್ಲಿ ಆ ತೂತು ನೀರಿನ ದಾರಿಗೇ ತೆರೆದುಕೊಂಡಿರುತ್ತದೆ. ಅಲ್ಲಿ ಬಿಸಿ ತಡೆಯುವ ಸೀಲೆಂಟ್ ಬೇಕು.

ಅರ್ಧ ಮೀಟರ್ ಉದ್ದದ ಮ್ಯಾನಿಫೋಲ್ಡ್ 500 ಡಿಗ್ರಿ ಬಿಸಿಯಾದರೆ ಎರಡೂವರೆ ಮಿ.ಮೀ.ಗಿಂತ ಹೆಚ್ಚು ಹಿಗ್ಗುತ್ತದೆ, ನೀರು ಹರಿಯುವ ಹೆಡ್ಡು ಅದರ ಅರ್ಧದಷ್ಟೂ ಹಿಗ್ಗುವುದಿಲ್ಲ. ತುದಿಯ ತೂತುಗಳು ದೊಡ್ಡದಾಗಿರುವುದು ಅದಕ್ಕೇ. ಅವನ್ನು ಬುಷ್ (ತೂತು ಕಿರಿದಾಗಿಸುವ ಬಳೆ) ಹಾಕಿ ‘ಸರಿಪಡಿಸಿ’ದರೆ ಮ್ಯಾನಿಫೋಲ್ಡ್ ಬಿರುಕು ಬಿಡುತ್ತದೆ. ದಪ್ಪನೆಯ ಚಪ್ಪಟೆ ವಾಷರ್ ಹಾಕಿ, ನಡುವಿನಿಂದ ಹೊರಕ್ಕೆ ಎರಡು ಮೂರು ಸುತ್ತಿನಲ್ಲಿ ಬಿಗಿಯಿರಿ. ಎಷ್ಟು ಬಿಗಿಯಬೇಕೆಂಬ ಅಳತೆ ಆ ಕಾರಿನ ಕೈಪಿಡಿಯದೇ ಆಗಲಿ. ಥ್ರೆಡ್ಡಿಗೆ ಆ್ಯಂಟಿ-ಸೀಜ್ ಸವರಿದ್ದರೆ ಅದರಲ್ಲಿ ಕಾಲುಭಾಗ ಕಡಿಮೆ ಮಾಡಿ. ಎರಡು ಮೂರು ಸಲ ಬಿಸಿಯಾಗಿ ತಣಿದ ಮೇಲೆ ಗ್ಯಾಸ್ಕೆಟ್ ಕುಗ್ಗಿರುತ್ತದೆ, ಮತ್ತೊಮ್ಮೆ ನೋಡಿ.

ಲೇಖಕರ ಸಲಹೆ ಸರಿ ಹೊಂದುವ ಜಾಗವೂ ಇದೆ: ಸೈಲೆನ್ಸರ್‌ನಿಂದ ಹಿಂದಕ್ಕೆ. ಅಲ್ಲಿ ಬಿಸಿ ಕಡಿಮೆ, ಕೆಸರು ನೀರಿನ ಕಾಟ ಜಾಸ್ತಿ. ಹ್ಯಾಂಗರ್ ಬೋಲ್ಟುಗಳಿಗೆ, ಪಟ್ಟಿಯ ಕ್ಲ್ಯಾಂಪುಗಳಿಗೆ ಎ2 ಅಥವಾ ಎ4 ಸ್ಟೇನ್‌ಲೆಸ್ ಹೇಳಿ ಮಾಡಿಸಿದಂತಿದೆ. ಯು-ಬೋಲ್ಟ್ ಕ್ಲ್ಯಾಂಪ್ ಮಾತ್ರ ಯಾವ ಲೋಹದ್ದಾದರೂ ಪೈಪನ್ನು ಅಮುಕಿ ಗೀರು ಮಾಡುತ್ತದೆ, ಆಮೇಲೆ ಪೈಪುಗಳನ್ನು ಬೇರ್ಪಡಿಸಲು ಗರಗಸವೇ ಬೇಕಾಗುತ್ತದೆ.

ಇತಿ,
ಹಳೆಯ ಕಾರುಗಳ ದುರಸ್ತಿ ಬಲ್ಲ ಓದುಗರು